ಬೊಂಬೆಗಳು ಮನೆಯಿಂದ ಹೊರಗೂ ಕೂರಲಿ

ಕೋಲ್ಕತ್ತಾದಲ್ಲಿ ನವರಾತ್ರಿ ಇರುವುದು ಬೀದಿಯಲ್ಲಿ. ನಮ್ಮಲ್ಲಿ ಮನೆಯೊಳಗೆ. ಜಂಬೂ ಸವಾರಿ ಇಲ್ವಾ ಅಂತ ಕೇಳಬಹುದು. ಇದೆ, ಆದರೆ ಅಲ್ಲಿ ನಾವು ನಿಂತು ನೋಡುವವರು. ಇಲ್ಲಿ ಕೋಲ್ಕತ್ತಾದಲ್ಲಿ ಒಂದೊಂದು ಪಾಡಾದವರೂ, ಅಂದರೆ ಕೇರಿಯವರು, ತಾವೇ ಚಂದಾ ಎತ್ತಿ, ಪೆಂಡಾಲ್ ಹಾಕಿಸಿ, ಮೂರ್ತಿ ಮಾಡುವವರ ಕೇರಿಯಾದ ಕುಮಾರಟುಲಿಯಿಂದ ದುರ್ಗೆಯ ಮೂರ್ತಿ ತಂದು, ಮಧ್ಯಾಹ್ನ ಸಾಲಾಗಿ ಕೂರಿಸಿ ಖಿಚುಡಿ ಬಡಿಸುತ್ತಾರೆ.

ಹೊಸದಾಗಿ ಬಂದ ಕನ್ನಡಿಗರಿಗೆ ಮೊದಲು ಗಲಿಬಿಲಿ ಆಗುವುದು ಪಂಚಾಂಗದಲ್ಲಿ. ನಮಗೆ ಮಹಾಲಯ ಅಮಾವಾಸ್ಯೆ ಅಂದರೆ ಹಿರಿಯರಿಗೆ ಎಡೆ. ಇವರೂ ಅವತ್ತು ಗಂಗೆಗೆ ಹೋಗಿ ತರ್ಪಣ ಬಿಡುತ್ತಾರೆ, ಆದರೆ ಬೆಳಗಿನ ಜಾವ ನಾಲ್ಕಕ್ಕೇ ರೇಡಿಯೋ ಹಚ್ಚಿ ಚಂಡೀಪಾಠ ಕೇಳಿ, ದೇವಿ ಮಕ್ಕಳ ಜೊತೆ ತವರಿಗೆ ಹೊರಟಳು ಅಂತ ಸಂಭ್ರಮ ಪಡುತ್ತಾರೆ. ಸರಸ್ವತಿ ಪೂಜೆ ಇವರಿಗೆ ಮಾಘದಲ್ಲಿ. ನಮ್ಮ ಆಯುಧ ಪೂಜೆಯಂಥದ್ದು ಸೆಪ್ಟೆಂಬರ್ 17ರ ಸುಮಾರಿಗೆ ವಿಶ್ವಕರ್ಮ ಪೂಜೆಯಲ್ಲೇ ಮುಗಿದಿರುತ್ತದೆ, ಗಾಳಿಪಟದ ಸಮೇತ. ಲಕ್ಷ್ಮಿಗೆ ದಸರಾ ಮುಗಿದ ಮೇಲಿನ ಹುಣ್ಣಿಮೆ. ದೀಪಾವಳಿ ಅಮಾವಾಸ್ಯೆ ರಾತ್ರಿ ಕಾಳಿಯದು. ನವಮಿಗೆ ಮಟನ್ ಅಂಗಡಿ ಮುಂದೆ ಕ್ಯೂ ನೋಡಿ ನಮ್ಮವರು ಕೆಲವರು ಮುಖ ಕಿವುಚುತ್ತಾರೆ. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಪಿತೃಪಕ್ಷದ ಎಡೆಗೆ ಮಾಂಸವೇ ಆಗಬೇಕು, ಅದನ್ನು ಮರೆಯಬಾರದು ಅಲ್ವಾ?

ಅಷ್ಟಮಿ ಬೆಳಿಗ್ಗೆಯ ಅಂಜಲಿ ನನಗೆ ತುಂಬಾ ಇಷ್ಟ. ಸ್ನಾನ ಮಾಡಿ, ಏನೂ ತಿನ್ನದೆ ಬಂದು ನಿಲ್ಲುತ್ತಾರೆ. ಒಬ್ಬರು ಬುಟ್ಟಿಯಿಂದ ಎಲ್ಲರ ಅಂಗೈಗೂ ಹೂವು ಹಾಕುತ್ತಾ ಬರುತ್ತಾರೆ, ಪುರೋಹಿತರು ಮೈಕಿನಲ್ಲಿ ಹೇಳಿಕೊಟ್ಟ ಮಂತ್ರವನ್ನು ಎಲ್ಲರೂ ಹೇಳುತ್ತಾರೆ. ಹಿಂದಿನ ಸಾಲಿನವರು ಮೂರ್ತಿಯವರೆಗೆ ಹೋಗಲಾಗದಿದ್ದರೆ ಹೂವನ್ನು ಮತ್ತೆ ಬುಟ್ಟಿಗೆ ಹಾಕಿ ಕಳಿಸುತ್ತಾರೆ. ನೀವು ಯಾವ ಊರಿನವರು ಅಂತ ಯಾರೂ ಕೇಳುವುದಿಲ್ಲ.

ಹಾಗಂತ ನಮ್ಮ ಬೊಂಬೆ ಹಬ್ಬ ಏನು ಕಡಿಮೆ? ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಗಳಿಗೆ ರೇಷ್ಮೆ ತುಂಡು ಉಡಿಸುವುದು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ದಂಪತಿಯ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹಾಕುವುದು, ಸಂಜೆ ಆರತಿ, ಬೊಂಬೆ ನೋಡಲು ಬಂದ ಮಕ್ಕಳಿಗೆ ಬಾಗಿನ. ಕೇರಿಯ ಮಕ್ಕಳೆಲ್ಲ 'ಬೊಂಬೆ ಕೂರ್ಸಿದೀರಾ?' ಅಂತ ಬಾಗಿಲಿಗೆ ಬರುತ್ತಿದ್ದದ್ದು ಇದಕ್ಕೇ. ಹೊರನಾಡಿನ ಫ್ಲ್ಯಾಟಿನಲ್ಲಿ ಆ ಮಕ್ಕಳಿಲ್ಲ. ಅಟ್ಟದಿಂದ ಇಳಿಸಿ, ಒರೆಸಿ, ಜೋಡಿಸಿ, ದಿನಾ ನೈವೇದ್ಯ ಮಾಡುವ ಕೆಲಸವೆಲ್ಲ ಮನೆಯ ಒಬ್ಬ ಹೆಂಗಸಿನ ಮೇಲೆ, ಅದೂ ಆಫೀಸಿನ ಜೊತೆಗೆ. ಒಂದು ವರ್ಷ ಬಿಟ್ಟರೆ ಮತ್ತೆ ಕೂರಿಸುವುದು ಕಷ್ಟ. ಎಷ್ಟೋ ಮನೆಗಳಲ್ಲಿ ಬೊಂಬೆಗಳು ಪೆಟ್ಟಿಗೆಯಲ್ಲೇ ಉಳಿದಿರುವುದು ಭಕ್ತಿ ಕಡಿಮೆಯಾಗಿ ಅಲ್ಲ, ಕೈ ಸಾಲದೆ.

ಬಂಗಾಳದಲ್ಲೂ ದುರ್ಗಾಪೂಜೆ ಮೊದಲು ಜಮೀನ್ದಾರರ ಮನೆಗಳಲ್ಲೇ ಜೋರು. ಕೋಲ್ಕತ್ತಾದ ಶೋಭಾಬಜಾರ್ ರಾಜಬಾಡಿಯದು, ಅಂದರೆ ಅಲ್ಲಿನ ರಾಜಮನೆತನದ ಮನೆಯದು, 1757ರಲ್ಲಿ ಶುರುವಾಯಿತು ಅನ್ನುತ್ತಾರೆ, ಈಗಲೂ ನಡೆಯುತ್ತದೆ. ಆಮೇಲೆ ಜನ ಚಂದಾ ಹಾಕಿ ತಮ್ಮದೇ ಪೂಜೆ ಮಾಡತೊಡಗಿದರು. 2021ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದ್ದು ಹೀಗೆ ಬೆಳೆದ ಹಬ್ಬ. ಬೀದಿಗೆ ಬಂತು ಅಂತ ಮನೆಯ ಪೂಜೆ ನಿಂತುಹೋಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಹೊರನಾಡಿನ ಕನ್ನಡ ಸಂಘಗಳು ದಸರಾಗೆ ಸುಮ್ನೆ ವೇದಿಕೆ ಕಟ್ಟಿ ಭಾಷಣ, ಸನ್ಮಾನ ಇಟ್ಟುಕೊಳ್ಳುವ ಬದಲು ಒಂದು ಹಾಲ್‌ನಲ್ಲಿ ಎಲ್ಲರೂ ಸೇರಿ ಬೊಂಬೆ ಕೂರಿಸಲಿ. ಇಲ್ಲಿನ ದೊಡ್ಡ ಪೆಂಡಾಲ್‌ಗಳ ಥೀಮು, ಬಹುಮಾನದ ಪೈಪೋಟಿ, ಜಾಹೀರಾತಿನ ಕಮಾನುಗಳು ನಮಗೆ ಬೇಡ. ಒಂದು ಮನೆಯಿಂದ ಪಟ್ಟದ ಬೊಂಬೆ ಬರಲಿ, ಇನ್ನೊಂದರಿಂದ ಚನ್ನಪಟ್ಟಣದ್ದು, ಮತ್ತೊಂದರಿಂದ ಕಿನ್ನಾಳದ್ದು. ಮೆಟ್ಟಿಲು ಜೋಡಿಸುವುದು, ಚರುಪು ಮಾಡುವುದು ಗಂಡಸರ ಪಾಲಿಗೂ ಬರಲಿ. ಪಕ್ಕದ ಬಂಗಾಳಿ ಮನೆಯ ಮಕ್ಕಳನ್ನೂ ಕರೆಯಿರಿ. ಅವರಿಗೆ ಪೆಂಡಾಲ್ ಸುತ್ತಾಟ ಜೋರಾಗುವುದು ಪಂಚಮಿ, ಷಷ್ಠಿಯ ಮೇಲೆ, ನಮ್ಮ ಬೊಂಬೆ ಪಾಡ್ಯಕ್ಕೇ ಕೂರುತ್ತವೆ. ಮೊದಲ ನಾಲ್ಕು ಸಂಜೆ ಆರಾಮಾಗಿ ಬರುತ್ತಾರೆ.