ಓಂಕಾರದ ಮೇಲೆ ಬೀಳುವ ಬೂದಿ

ನಮ್ಮ ದೇವರ ಮನೆಯಲ್ಲಿ ಶೀಶಮ್ ಮರದ ಒಂದು ಊದಿನಕಡ್ಡಿ ಸ್ಟ್ಯಾಂಡ್ ಇದೆ. ಗೇಣಿಗಿಂತ ತುಸು ಉದ್ದದ, ಒಂದು ತುದಿ ಮೇಲಕ್ಕೆ ಬಾಗಿದ ಪಟ್ಟಿ ಅದು. ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕೈಯಿಂದ ಕೆತ್ತಿದ್ದು. ಕಡ್ಡಿ ಸಿಕ್ಕಿಸುವ ತೂತಿನ ಸುತ್ತ ಹಿತ್ತಾಳೆಯ ಸಣ್ಣ ಬಳೆಯಿದೆ, ಬೂದಿ ಬೀಳುವ ತಗ್ಗಿನ ನಟ್ಟನಡುವೆ ಓಂಕಾರವಿದೆ. ಪ್ರೀತಿಯಿಂದ ಬಂದ ಉಡುಗೊರೆಯಾದ್ದರಿಂದ ದಿನವೂ ಬಳಸಿದೆ. ಆದರೆ ಪ್ರತಿ ಶುಕ್ರವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಓಂಕಾರದ ಗೆರೆಗಳೊಳಗೆ ಸೇರಿಕೊಂಡ ಬೂದಿಯನ್ನು ಕೆದಕುವಾಗ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ಯಾವುದಕ್ಕೆ ಧೂಪ ತೋರಿಸಬೇಕೋ ಅದನ್ನೇ ನಾವು ಧೂಪದ ಕೆಳಗೆ ಇಟ್ಟಿದ್ದೇವೆ.

ಬೂದಿಯೆಂದರೆ ವಿಭೂತಿಯಲ್ಲವೇ, ಅದು ಬಿದ್ದರೆ ಏನು ದೋಷ ಎಂದು ಕೇಳುವವರಿದ್ದಾರೆ. ಶಿವನ ಮೈಮೇಲಿನ ಭಸ್ಮವನ್ನು ನೆನೆದು ಕೇಳುವ ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ವಿಭೂತಿಯನ್ನು ಸಗಣಿಯ ಉಂಡೆ ಸುಟ್ಟು, ಸೋಸಿ, ಮಂತ್ರ ಹೇಳಿ ಹಣೆಗೆ ಇಡುತ್ತೇವೆ. ಊದಿನಕಡ್ಡಿಯ ಬೂದಿಯಾದರೋ ಇದ್ದಿಲ ಪುಡಿ, ಅಂಟು, ಬಿದಿರು ಉರಿದು ಉಳಿದದ್ದು, ಅದನ್ನು ಮೊರಕ್ಕೆ ಗುಡಿಸಿ ಗಿಡದ ಬುಡಕ್ಕೆ ಹಾಕುತ್ತೇವೆ.

ನಮ್ಮ ಶಿಲ್ಪ ಪರಂಪರೆಯಲ್ಲಿ ಯಾವುದನ್ನು ಕೆತ್ತಬೇಕು ಎಂಬುದರಷ್ಟೇ ಎಲ್ಲಿ ಕೆತ್ತಬೇಕು ಎಂಬುದೂ ಮುಖ್ಯ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಪಾಯವನ್ನು ಸುತ್ತಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಕೆಳಗೆ ಭಾರ ಹೊರುವ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ವಿಗ್ರಹದ ಕೆಳಗೆ ಪದ್ಮಪೀಠ, ಹಿಂದಿನ ಪ್ರಭಾವಳಿಯ ನೆತ್ತಿಯಲ್ಲಿ ಸಿಂಹದ ಮೋರೆಯಂಥ ಕೀರ್ತಿಮುಖ. ತಾವರೆಯ ಮೇಲೆ ದೇವರನ್ನೇ ಕೂರಿಸಬಹುದು, ಏಕೆಂದರೆ ಹೊರುವುದೇ ಅದರ ಕೆಲಸ. ಮಂದರವನ್ನು ಬೆನ್ನಲ್ಲಿ ಹೊತ್ತ ಕೂರ್ಮಕ್ಕೂ ಕೆಳಗಿನ ಜಾಗ ಒಪ್ಪುತ್ತದೆ. ಓಂಕಾರ ಹಾಗಲ್ಲ. ಅಚ್ಚು ಮಗುಚಿಬಿದ್ದು ಎಡಕ್ಕೆ ತಿರುಗಿದ ಸ್ವಸ್ತಿಕವನ್ನೂ ಒಂದು ಸ್ಟ್ಯಾಂಡಿನ ಮೇಲೆ ಕಂಡಿದ್ದೇನೆ. ಮಂಗಳಕ್ಕೆಂದು ಬಲಕ್ಕೆ ತಿರುಗಿಸಿ ಬರೆಯುವ ಮನೆಗಳಲ್ಲಿ ಅದನ್ನು ಎಲ್ಲಿ ಇಡುವುದು?

ಕೆತ್ತುವವರ ಮೇಲೆ ನನ್ನ ದೂರಿಲ್ಲ. ಸಹಾರನ್‌ಪುರದ ಕುಶಲಕರ್ಮಿಗಳಲ್ಲಿ ಬಹಳ ಮಂದಿ ಮುಸ್ಲಿಮರು. ಅವರ ಕೈಯಲ್ಲಿ ಪಳಗಿದ್ದು ಬಳ್ಳಿ, ಎಲೆ, ಜಾಲರಿಯ ಕೆಲಸ, ಅದರಲ್ಲಿ ಅವರಿಗೆ ಸರಿಸಾಟಿ ಕಡಿಮೆ. ಓಂ ಇದ್ದರೆ ಹೆಚ್ಚು ಮಾರಾಟವಾಗುತ್ತದೆ ಎಂದು ಹೇಳಿ ಅದನ್ನು ಬೂದಿತಗ್ಗಿಗೆ ತಂದವರು ಕೊಳ್ಳುವ ನಾವು ಮತ್ತು ನಡುವಿನ ವ್ಯಾಪಾರಿಗಳು. ಆ ಜಾಗದಲ್ಲಿ ಅವರದೇ ಬಳ್ಳಿಯಿದ್ದರೆ ಎಷ್ಟು ಚೆನ್ನ! ಧೂಪವನ್ನು ಅರ್ಪಿಸುವ ಶ್ಲೋಕ ಅದನ್ನು ವನಸ್ಪತಿಯಿಂದ ಹುಟ್ಟಿದ್ದೆಂದೇ ಕರೆಯುತ್ತದೆ. ಗಿಡಮರಗಳ ಅಂಟು ಮತ್ತು ತೊಗಟೆಯ ಬೂದಿ ಮರದಲ್ಲಿ ಅರಳಿದ ಎಲೆಯ ಮೇಲೆ ಬೀಳುವುದರಲ್ಲಿ ಅರ್ಥವೂ ಇದೆ, ಔಚಿತ್ಯವೂ ಇದೆ. ಗಂಧ, ಹೂವು, ಧೂಪ, ದೀಪ, ನೈವೇದ್ಯಗಳ ಪಂಚೋಪಚಾರ ಪೂಜೆಯಲ್ಲಿ ಧೂಪ ವಾಯುತತ್ತ್ವಕ್ಕೆ ಸೇರಿದ್ದು, ಗಾಳಿಗೆ ಓಲಾಡುವ ಬಳ್ಳಿ ಅದಕ್ಕೂ ಹೊಂದುತ್ತದೆ.

ಅಜ್ಜಿಯ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ನೈವೇದ್ಯದ ಬಾಳೆಹಣ್ಣಿಗೇ ಕಡ್ಡಿ ಚುಚ್ಚುತ್ತಿದ್ದರು.

ಕಳೆದ ವರ್ಷ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋಗಿದ್ದಾಗ, ಮರದ ಕೆತ್ತನೆಯನ್ನೇ ಕುಲಕಸುಬಾಗಿಸಿಕೊಂಡ ಗುಡಿಗಾರ ಮನೆತನದ ಹಿರಿಯರೊಬ್ಬರಲ್ಲಿ ಶಿವಣೆ ಮರದ ಒಂದು ಆಮೆಯನ್ನು ಹೇಳಿ ಮಾಡಿಸಿದೆ. ಬೆನ್ನಿನ ಮೇಲೆ ಎಂಟೆಸಳಿನ ತಾವರೆ, ಅದರ ನಡುವೆ ಹಿತ್ತಾಳೆಯ ಕೊಳವೆ. ಓಂಕಾರ ಎಲ್ಲಿ ಬೇಕು ಎಂದು ನಾನೇ ಕೇಳಿದಾಗ ಅವರು ಉಳಿಯನ್ನು ಕೆಳಗಿಟ್ಟು, ಗೋಡೆಯ ಮೇಲಿನ ದೇವರ ಪಟವನ್ನು ತೋರಿಸಿ, "ಅಲ್ಲಿ ಇದೆಯಲ್ಲ" ಎಂದರು. ಮನೆಗೆ ಬಂದು ಹಳೆಯ ಶೀಶಮ್ ಪಟ್ಟಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ದೀಪದ ಹಿಂದಿನ ಗೋಡೆಗೆ ನೆಟ್ಟಗೆ ಆನಿಸಿದೆ. ಈಗ ಆಮೆಯ ಬೆನ್ನಿನಿಂದ ಏಳುವ ಹೊಗೆ ಆ ಓಂಕಾರದ ಮುಂದೆ ಹಾದು ಮೇಲೆ ಹೋಗುತ್ತದೆ.