ಜ್ವರ ಇಳಿಯಿತು, ಸರಿ. ಆ ಬ್ಯಾಕ್ಟೀರಿಯಾ ರಕ್ತಕ್ಕೆ ಬಂದದ್ದು ಎಲ್ಲಿಂದ?

ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆಯ ರಿಪೋರ್ಟ್ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ಕೆಳಗಿನ ಪಟ್ಟಿಗೆ. ಯಾವ ಆಂಟಿಬಯೋಟಿಕ್ ಮುಂದೆ 'ಎಸ್' (ಕೆಲಸ ಮಾಡುತ್ತದೆ) ಇದೆ, ಯಾವುದರ ಮುಂದೆ 'ಆರ್' (ಮಾಡುವುದಿಲ್ಲ) ಇದೆ. ಔಷಧಿ ಸಿಕ್ಕಿತು, ಜ್ವರ ಬಿಟ್ಟಿತು, ಡಿಸ್ಚಾರ್ಜ್. ಮೇಲೆ ಬರೆದ ಬ್ಯಾಕ್ಟೀರಿಯಾದ ಹೆಸರನ್ನು ಎರಡನೇ ಸಲ ಓದುವವರು ಕಡಿಮೆ. ಲ್ಯಾಬಿನಲ್ಲಿ ಕೂತು ಆ ಹೆಸರು ಬರೆಯುವ ನನಗೆ ಇದೇ ತಕರಾರು.

ಇ. ಕೋಲಿ, ಸ್ಟ್ಯಾಫ್ (ಸ್ಟ್ಯಾಫಿಲೋಕಾಕಸ್) ಇವೆಲ್ಲ ದಿನಾ ನೋಡುವ ಬ್ಯಾಕ್ಟೀರಿಯಾಗಳು. ಮೂತ್ರದ ಸೋಂಕೋ, ಗಾಯವೋ, ಡ್ರಿಪ್ ಹಾಕಲು ನರಕ್ಕೆ ಚುಚ್ಚಿದ ಕ್ಯಾನುಲಾವೋ, ಒಳಗೆ ಬಂದ ದಾರಿ ಹೆಚ್ಚಾಗಿ ಗೊತ್ತಾಗುತ್ತದೆ. ಅಪರೂಪದ ಹೆಸರು ಬಂದಾಗ ಮಾತ್ರ ಸ್ವಲ್ಪ ನಿಲ್ಲಬೇಕು.

ಒಂದು ಉದಾಹರಣೆ ಹೇಳ್ತೀನಿ. ಮಷೀನಿನಲ್ಲಿಟ್ಟ ರಕ್ತದ ಬಾಟಲಿ 'ಪಾಸಿಟಿವ್' ಅಂತ ಕೂಗುತ್ತದೆ. ಒಂದು ಹನಿ ತೆಗೆದು ಸ್ಲೈಡ್ ಮೇಲೆ ಹಾಕಿ, ಗ್ರಾಂ ಸ್ಟೇನ್ ಅನ್ನುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೇರಳೆ ಬಣ್ಣದ ಪುಟ್ಟ ಚುಕ್ಕೆಗಳು ಸಾಲಾಗಿ ನಿಂತಿರುತ್ತವೆ. ಮುಂದಿನ ಪರೀಕ್ಷೆಯಲ್ಲಿ ಹೆಸರು ಸಿಗುತ್ತದೆ: ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್. ಮೊದಲು ಸ್ಟ್ರೆಪ್ಟೋಕಾಕಸ್ ಬೋವಿಸ್ ಅಂತ ಕರೆಯುತ್ತಿದ್ದ ಗುಂಪಿನದು. ಸಾಮಾನ್ಯವಾಗಿ ಪೆನ್ಸಿಲಿನ್‌ಗೇ ಬಗ್ಗುತ್ತದೆ. ತೊಂದರೆ ಇರುವುದೇ ಅಲ್ಲಿ, ಇಷ್ಟು ಸುಲಭಕ್ಕೆ ವಾಸಿಯಾದರೆ ಮುಂದೆ ಯಾರು ಹುಡುಕುತ್ತಾರೆ? ಇದರ ವಾಸ ಕರುಳಿನಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್ ಜೊತೆ ಇದಕ್ಕಿರುವ ನಂಟು 1977ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿದೆ. ಎಲ್ಲರಿಗೂ ಕ್ಯಾನ್ಸರ್ ಇರುತ್ತದೆ ಅಂತಲ್ಲ, ಸುಮ್ನೆ ಹೆದರಬೇಡಿ. ಆದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಗೆಯಿಂದ ದೊಡ್ಡ ಕರುಳಿನ ತಪಾಸಣೆ, ಆಗಲೇಬೇಕು. ಹೃದಯದ ಕವಾಟಕ್ಕೂ ಅಂಟಿಕೊಳ್ಳುವ ಜಾತಿ, ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ಕೂಡ. ಹೊಟ್ಟೆನೋವೇ ಇಲ್ಲದವರಲ್ಲಿ ಕ್ಯಾನ್ಸರ್‌ನ ಮೊದಲ ಸುಳಿವು ಈ ರಿಪೋರ್ಟೇ ಆಗಿರಬಹುದು. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಬಂದರೂ ಅಷ್ಟೇ, ಕರುಳು ಮತ್ತು ರಕ್ತದ ಕ್ಯಾನ್ಸರ್ ಎರಡನ್ನೂ ನೋಡಬೇಕು.

ಕ್ಯಾಪ್ನೋಸೈಟೋಫೇಗಾ ಬಂದರೆ ನಾಯಿ ಕಚ್ಚಿತ್ತಾ, ಗಾಯ ನೆಕ್ಕಿತ್ತಾ ಅಂತ ಕೇಳಬೇಕು. ಗುಲ್ಮ, ಅಂದರೆ ಸ್ಪ್ಲೀನ್, ತೆಗೆಸಿಕೊಂಡವರಿಗೆ ಇದು ಪ್ರಾಣಕ್ಕೇ ಬರುತ್ತದೆ. ವಿಬ್ರಿಯೋ ವಲ್ನಿಫಿಕಸ್ ಆದರೆ ಸಮುದ್ರದ ನೀರು, ಹಸಿ ಚಿಪ್ಪುಮೀನು, ಜೊತೆಗೆ ಲಿವರ್ ಕಾಯಿಲೆ, ಇವುಗಳ ಬಗ್ಗೆ ಕೇಳಬೇಕು.

ನನ್ನನ್ನು ಜಾಸ್ತಿ ಬೆರಗುಗೊಳಿಸುವುದು ಬೇರೆಯೇ ಒಂದು. ಕೆಲವೊಮ್ಮೆ ಬೆಳೆಯುವುದು ಕರುಳಿನ ಮಾಮೂಲಿ ಬ್ಯಾಕ್ಟೀರಿಯಾವೇ, ಆದರೆ ಮತ್ತೆ ಮತ್ತೆ, ಒಮ್ಮೊಮ್ಮೆ ಎರಡು ಮೂರು ಒಟ್ಟಿಗೆ. ಹಿಂದೆ ಇರುವುದು ಸ್ಟ್ರಾಂಗಿಲಾಯ್ಡಿಸ್ ಅನ್ನುವ ಹುಳು. ಬರಿಗಾಲಲ್ಲಿ ಮಣ್ಣು ತುಳಿದಾಗ ಚರ್ಮದ ಮೂಲಕ ಸೇರಿ, ಸದ್ದಿಲ್ಲದೆ ದಶಕಗಟ್ಟಲೆ ಹೊಟ್ಟೆಯಲ್ಲಿರುತ್ತದೆ. ಯಾವುದೋ ಕಾರಣಕ್ಕೆ, ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಶುರುವಾದರೆ ಮರಿಗಳು ವಿಪರೀತ ಹೆಚ್ಚಿ ಕರುಳಿನ ಗೋಡೆ ಕೊರೆಯುತ್ತವೆ. ಬ್ಯಾಕ್ಟೀರಿಯಾಗಳು ಅವುಗಳ ಮೈಗಂಟಿಕೊಂಡು, ಲಿಫ್ಟ್ ಸಿಕ್ಕ ಹಾಗೆ, ರಕ್ತಕ್ಕೆ ಬರುತ್ತವೆ. ಇಲ್ಲಿ ಬರೀ ಆಂಟಿಬಯೋಟಿಕ್ ಕೊಟ್ಟರೆ ಏನು ಪ್ರಯೋಜನ? ಹುಳುವಿಗೆ ಐವರ್‌ಮೆಕ್ಟಿನ್ ಬೇಕು.

ಇನ್ನು ಒಂದೇ ವಾರ್ಡಿನ ನಾಲ್ಕಾರು ಜನರ ರಕ್ತದಲ್ಲಿ ಬರ್ಖೋಲ್ಡೇರಿಯಾ ಸೆಪೇಸಿಯಾ ಬಂದರೆ ರೋಗಿಗಳನ್ನಷ್ಟೇ ಕೆದಕಬೇಡಿ. ಸಲೈನ್, ಇಂಜೆಕ್ಷನ್ ವಯಲ್, ಆಂಟಿಸೆಪ್ಟಿಕ್ ಬಾಟಲಿಗಳನ್ನು ಪರೀಕ್ಷಿಸಿ. ಹೌದು, ಆಂಟಿಸೆಪ್ಟಿಕ್‌ನಲ್ಲೂ ಬದುಕುವ ಭೂಪ ಇದು.

ರಿಪೋರ್ಟಿನಲ್ಲಿ ಬಂದದ್ದೆಲ್ಲ ನಿಜವಾದ ಸೋಂಕು ಅಲ್ಲ, ಅದೂ ಇದೆ. ಸೂಜಿ ಚುಚ್ಚುವಾಗ ಚರ್ಮದ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿಬಿಡಬಹುದು. ಅದಕ್ಕೇ ಎರಡು ಬೇರೆ ಬೇರೆ ಜಾಗದಿಂದ ರಕ್ತ ತೆಗೆಯುವುದು. 'ಇಷ್ಟೊಂದು ರಕ್ತ ಯಾಕೆ' ಅಂತ ಮನೆಯವರು ಜಗಳಕ್ಕೆ ಬರುತ್ತಾರೆ. ಕೊಡಿ ಸ್ವಾಮಿ. ರಕ್ತ ಕಡಿಮೆಯಾದಷ್ಟೂ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆಯೂ ಕಡಿಮೆ.

ಆಂಟಿಬಯೋಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆಯೇ ರಕ್ತ ತೆಗೆಯಬೇಕು. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿನಿಂದ ಜೀವಕ್ಕೇ ಅಪಾಯವಾದಾಗ, ಔಷಧಿ ತಡ ಮಾಡುವ ಹಾಗಿಲ್ಲ, ನಿಜ. ಆದರೆ ರಕ್ತ ತೆಗೆಯಲು ಕೆಲವೇ ನಿಮಿಷ ಸಾಕಲ್ವಾ? ಡೋಸ್ ಹೋದಮೇಲೆ ತೆಗೆದ ಬಾಟಲಿಯಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆಗ ನಾವು 'ನೆಗೆಟಿವ್' ಅಂತಲೇ ಬರೆಯಬೇಕು, ರೋಗಿಯ ಕಡೆಯವರು 'ಸೋಂಕೇ ಇಲ್ವಂತೆ' ಅಂತ ಖುಷಿಪಡುತ್ತಾರೆ.