ಸೀಡಿ ಬಂದರೆ ಮಾತ್ರ ಕೆಲಸ ಹೋದ ಲೆಕ್ಕ

ಅಮೆರಿಕದಲ್ಲಿ ನಿಮ್ಮ ಕಾರ್ಖಾನೆಗೆ ಬೀಗ ಬಿದ್ದು, ಅದಕ್ಕೆ ಕಾರಣ ಹೊರದೇಶದ ಸರಕು ಎಂದಾದರೆ ಗಾಬರಿಯಾಗಬೇಡಿ. ನಿಮಗೆಂದೇ 1962ರ ಒಂದು ಯೋಜನೆ ಇದೆ. ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಪುರುಸೊತ್ತಿಲ್ಲದವರಿಗೆ ಟಿಎಎ. ಸುಂಕ ಇಳಿಸಲು ಹೊರಟ ಅಧ್ಯಕ್ಷ ಕೆನಡಿ, ಇದರಿಂದ ಕೆಲಸ ಕಳೆದುಕೊಳ್ಳುವವರನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕಾನೂನಿನಲ್ಲೇ ಬರೆಸಿದರು. ಸರ್ಕಾರ ನೋಡಿತು, ಏಳು ವರ್ಷ ಬರೀ ನೋಡಿತು. 1969ರ ನವೆಂಬರ್‌ವರೆಗೆ ಒಬ್ಬ ಕಾರ್ಮಿಕನಿಗೂ ಮಂಜೂರಾತಿ ಸಿಗಲಿಲ್ಲ. ಆಮದು ಹೆಚ್ಚಿದ್ದು ಮುಖ್ಯವಾಗಿ ಸುಂಕ ಇಳಿಸಿದ್ದರಿಂದಲೇ ಎಂದೊಂದು, ಕೆಲಸ ಹೋಗಿದ್ದು ಮುಖ್ಯವಾಗಿ ಆ ಆಮದಿನಿಂದಲೇ ಎಂದಿನ್ನೊಂದು, ಹೀಗೆ ಎರಡನ್ನೂ ಸಾಬೀತು ಮಾಡಬೇಕಿತ್ತು. ಕಾರ್ಮಿಕ ಸಂಘದವರು ಇದಕ್ಕೆ ‘ಶವಸಂಸ್ಕಾರದ ವಿಮೆ’ ಎಂದು ಅಡ್ಡಹೆಸರಿಟ್ಟರು. ವಿಮೆಯ ಹಣ ಬರಲಿಲ್ಲ ಎಂಬುದನ್ನು ಬಿಟ್ಟರೆ ಹೆಸರು ಸರಿಯಾಗಿಯೇ ಇತ್ತು. 1974ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು.

ಅರ್ಜಿ ಹಾಕುವ ಕ್ರಮ ಸುಲಭ. ಒಂದೇ ಕಾರ್ಖಾನೆಯ ಇಬ್ಬರು ಮೂವರು ಸಹಿ ಹಾಕಿದರೆ ಸಾಕು. ಸಂಘವೋ, ಕಂಪನಿಯೋ, ರಾಜ್ಯದ ಉದ್ಯೋಗ ಕಚೇರಿಯೋ ಹಾಕಿದರೂ ಆದೀತು. ಕೆಲಸ ಹೋಗಿ ವರ್ಷ ತುಂಬುವುದರೊಳಗೆ ಅರ್ಜಿ ಹೋಗಿರಬೇಕು. ಆಮೇಲೆ ಕಾರ್ಮಿಕ ಇಲಾಖೆಗೆ ತನಿಖೆಗೆ 40 ದಿನ. ತನಿಖಾಧಿಕಾರಿ ನಿಮ್ಮ ತಲೆ ತಿನ್ನುವುದಿಲ್ಲ. ಮಾರಾಟ ಎಷ್ಟು ಬಿತ್ತು ಎಂದು ನಿಮ್ಮನ್ನು ಹೊರಹಾಕಿದ ಕಂಪನಿಯನ್ನೇ ಕೇಳುತ್ತಾನೆ. ಈ ಕಂಪನಿಯ ಮಾಲು ಬಿಟ್ಟು ವಿದೇಶಿ ಮಾಲು ಕೊಂಡಿರಾ ಎಂದು ಅದರ ಗಿರಾಕಿಗಳಿಗೆ ಪ್ರಶ್ನಾವಳಿ ಕಳಿಸುತ್ತಾನೆ. ಕಳುವಾಯಿತೆಂದು ದೂರು ಕೊಟ್ಟವನನ್ನು ಬಿಟ್ಟು, ಮಾಲು ಅಗ್ಗಕ್ಕೆ ಕೊಂಡವನ ಬಾಗಿಲು ತಟ್ಟಿ ‘ಹೌದಾ ಸ್ವಾಮಿ?’ ಎಂದು ಕೇಳಿದ ಹಾಗೆ. ಗಿರಾಕಿಗೆ ಉತ್ತರ ಬರೆಯುವ ಮನಸ್ಸಾಗದಿದ್ದರೆ ನಿಮ್ಮ ಪುರಾವೆ ಅಷ್ಟು ಬಡವಾಯಿತು.

ಈಗ ಸಾಫ್ಟ್‌ವೇರ್ ಪ್ರಸಂಗಕ್ಕೆ ಬನ್ನಿ. ಅಮೆರಿಕದ ಆಡುಮಾತಿನಲ್ಲಿ ‘ಬ್ಯಾಂಗಲೋರ್ಡ್’ ಎಂಬ ಕ್ರಿಯಾಪದ ಹುಟ್ಟಿದ ಕಾಲ ಅದು. ಕೆಲಸ ಬೆಂಗಳೂರಿಗೆ ಹೋಯಿತು, ನೀನು ಮನೆಗೆ ಹೋದೆ ಎಂದು ಅದರ ಅರ್ಥ. ಪ್ರೋಗ್ರಾಮರುಗಳು ಟಿಎಎಗೆ ಅರ್ಜಿ ಹಾಕಿದರು. ಕಾರ್ಮಿಕ ಇಲಾಖೆ ಕಾನೂನು ಪುಸ್ತಕ ತೆರೆಯಿತು. ‘ವಸ್ತು’ ತಯಾರಿಸುತ್ತಿದ್ದವರಿಗೆ ಮಾತ್ರ ಸಹಾಯ ಎಂದಿದೆ. ಸಾಫ್ಟ್‌ವೇರ್ ವಸ್ತುವೇ? ಸುಂಕದ ಪಟ್ಟಿ ನೋಡೋಣ. ಸೀಡಿಗೋ ಡಿಸ್ಕಿಗೋ ತುಂಬಿ ಡಬ್ಬಿಯಲ್ಲಿ ಹಾಕಿ ಕಳಿಸಿದರೆ ವಸ್ತು. ಅದೇ ಪ್ರೋಗ್ರಾಮು, ಅದೇ ಸಾಲುಗಳು, ತಂತಿಯಲ್ಲಿ ಹರಿದು ಬಂದರೆ ವಸ್ತುವಲ್ಲ. ವಸ್ತುವೇ ಅಲ್ಲದ್ದನ್ನು ನೀವು ತಯಾರಿಸುತ್ತಿರಲಿಲ್ಲ, ಆದ್ದರಿಂದ ಅದರ ಆಮದೂ ಆಗಿಲ್ಲ, ಅರ್ಜಿ ವಜಾ. ನಮ್ಮಲ್ಲಿ ಸೀಡಿ ಹೊರಬಂದರೆ ಮಂತ್ರಿಯ ಕೆಲಸ ಹೋಗುತ್ತದೆ. ಅಲ್ಲಿ ಸೀಡಿ ಒಳಬಂದರೆ ಮಾತ್ರ ಕೆಲಸ ಹೋದದ್ದಕ್ಕೆ ಬೆಲೆ. ಬೆಂಗಳೂರಿನ ಹುಡುಗರು ಕೋಡ್ ಬರೆದು ಮುಗಿಸಿ, ಒಂದು ಸೀಡಿಗೆ ಹಾಕಿ ಅಂಚೆಯಲ್ಲಿ ಕಳಿಸಿದ್ದರೆ ಅಷ್ಟು ಸಂಸಾರಗಳ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಕೊನೆಗೆ ಅಮೆರಿಕದ್ದೇ ಆದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಕಿವಿ ಹಿಂಡಿದ ಮೇಲೆ, 2006ರಲ್ಲಿ ಇಲಾಖೆ ತನ್ನ ನಿಲುವು ಬದಲಿಸಿ, ಕಣ್ಣಿಗೆ ಕಾಣದ್ದೂ ವಸ್ತುವಾಗಬಹುದು ಎಂದು ಒಪ್ಪಿತು. ಅದ್ವೈತಿಗಳಿಗೆ ಇದು ಮೊದಲೇ ಗೊತ್ತಿತ್ತು.

ಸೇವಾ ವಲಯದವರದು ಕುಂಟೆಬಿಲ್ಲೆ ಆಟ. ಕಾಲ್‌ಸೆಂಟರ್ ನೌಕರ 2009ರಲ್ಲಿ ಗೆರೆಯೊಳಗೆ, 2014ರಲ್ಲಿ ಹೊರಗೆ, 2015ರಲ್ಲಿ ಒಳಗೆ, 2021ರ ಜುಲೈಯಲ್ಲಿ ಮತ್ತೆ ಹೊರಗೆ. ಫೋನು ಅದೇ, ಕುರ್ಚಿ ಅದೇ, ಬದಲಾದದ್ದು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಮೂಡು. ಆ 2021ರ ಬದಲಾವಣೆ 2002ರ ಇನ್ನೊಂದು ನಿಯಮವನ್ನೂ ಎಬ್ಬಿಸಿ ಕೂರಿಸಿತು. ನಿಮ್ಮ ಕಾರ್ಖಾನೆ ಮೆಕ್ಸಿಕೊಗೆ ಹೋಗಿದ್ದರೆ ನೀವು ಅದೃಷ್ಟವಂತರು, ಅದು ಮುಕ್ತ ವ್ಯಾಪಾರ ಒಪ್ಪಂದದ ದೇಶ, ಹೋಯಿತೆಂದು ತೋರಿಸಿದರೆ ಸಾಕು. ಚೀನಾಕ್ಕೋ ಭಾರತಕ್ಕೋ ಹೋಗಿದ್ದರೆ, ಅಂಥ ಸರಕಿನ ಆಮದು ಹೆಚ್ಚಿದೆ ಅಥವಾ ಹೆಚ್ಚಲಿದೆ ಎಂದೂ ತೋರಿಸಬೇಕು. ಆದ್ದರಿಂದ ಕಾರ್ಖಾನೆ ಮುಚ್ಚುವ ಸುಳಿವು ಸಿಕ್ಕ ಕೂಡಲೇ ಮಾಲೀಕರ ಕಾಲು ಹಿಡಿದು ಬೇಡಿಕೊಳ್ಳಬೇಕಾದದ್ದು ‘ಮುಚ್ಚಬೇಡಿ’ ಎಂದಲ್ಲ, ‘ದಯವಿಟ್ಟು ಮೆಕ್ಸಿಕೊಗೇ ಹೋಗಿ’ ಎಂದು.

ಐವತ್ತು ದಾಟಿದವರಿಗೆ ಯೋಜನೆ ಕೊಡುವ ಹೊಸ ಕಸುಬಿನ ತರಬೇತಿಯ ಬದಲು ಸಂಬಳದ ವಿಮೆ. ಹೊಸ ಕೆಲಸದ ಸಂಬಳ ಹಳೆಯದಕ್ಕಿಂತ ಕಡಿಮೆ ಇರಬೇಕು, ವರ್ಷಕ್ಕೆ 50,000 ಡಾಲರ್ ಮೀರಬಾರದು. ವ್ಯತ್ಯಾಸದ ಅರ್ಧ ಸರ್ಕಾರದ್ದು, ಎರಡು ವರ್ಷ, ಒಟ್ಟು 10,000 ಡಾಲರ್ ಮಿತಿ. ಯಂತ್ರದ ಮುಂದೆ 46,000 ಗಳಿಸುತ್ತಿದ್ದವನು ಈಗ ಗೋದಾಮಿನಲ್ಲಿ 30,000ಕ್ಕೆ ಡಬ್ಬ ಎತ್ತುತ್ತಾನೆ ಎನ್ನಿ. ವ್ಯತ್ಯಾಸ 16,000, ಅರ್ಧ 8,000. ಮೊದಲ ವರ್ಷ ಅದು ಪೂರ್ತಿ ಬಂತು. ಎರಡನೇ ವರ್ಷಕ್ಕೆ ಮಿತಿಯಲ್ಲಿ ಉಳಿದದ್ದು 2,000. ಆ ಡಬ್ಬದೊಳಗೆ ಇರುವುದು ಬಹುಶಃ ಅವನ ಕೆಲಸ ತಿಂದ ಮಾಲೇ. ಅದರ ಬಗ್ಗೆ ನಮೂನೆಯಲ್ಲಿ ಕಾಲಂ ಇಲ್ಲ.

ಇಷ್ಟೆಲ್ಲ ಓದಿ ಇಬ್ಬರು ಮೂವರು ಸಹಿ ಹಾಕಿಕೊಂಡು ಹೊರಟಿದ್ದರೆ ಒಂದು ಸಣ್ಣ ವಿಷಯ. 2022ರ ಜುಲೈ 1ರಿಂದ ಇಲಾಖೆ ಹೊಸ ಅರ್ಜಿ ತೆಗೆದುಕೊಳ್ಳುವಂತಿಲ್ಲ, ಬಾಕಿ ಇದ್ದವಕ್ಕೆ ತೀರ್ಪು ಕೊಡುವಂತೆಯೂ ಇಲ್ಲ. ಕಾಂಗ್ರೆಸ್ಸು ಅವಧಿ ವಿಸ್ತರಿಸಲಿಲ್ಲ. ಯಾರೂ ಯೋಜನೆಯನ್ನು ಕೊಲ್ಲಲಿಲ್ಲ, ಎಬ್ಬಿಸಲು ಮರೆತರು. ಜೂನ್ 30ರೊಳಗೆ ಪ್ರಮಾಣಪತ್ರವೂ ಸಿಕ್ಕಿ ಕೆಲಸವೂ ಹೋಗಿದ್ದವರಿಗೆ ಸೌಲಭ್ಯ ಮುಂದುವರಿಯಿತು. ಆ ಜುಲೈ 1 ಶುಕ್ರವಾರ. ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸಬಾರದೆಂಬ ನಮ್ಮ ಅಜ್ಜಿಯಂದಿರ ಶಾಸ್ತ್ರ ವಾಷಿಂಗ್ಟನ್‌ಗೆ ಯಾವ ಸೀಡಿಯಲ್ಲಿ ತಲುಪಿತೋ.